ಗ್ಯಾರೇಜಿನ ಉಸ್ತಾದನಿಗೂ ಲೈಸನ್ಸ್ ಬೇಕೆ?

ಕಲ್ಯಾಣ್–ಶೀಳ್ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ತಗಡಿನ ಶೆಡ್ಡು, ಎಣ್ಣೆ ಕುಡಿದು ಕಪ್ಪಾದ ನೆಲ, ಹಳೆ ಟಯರಿನ ರಾಶಿ, ಪಕ್ಕದಲ್ಲೊಂದು ಚಹಾದ ಗಾಡಿ. ಮುಂಬ್ರಾದಲ್ಲೂ ಇದೇ ನೋಟ, ತುರ್ಭೆಯಲ್ಲೂ ಇದೇ. ಥಾಣೆಯಿಂದ ಕಳಂಬೋಲಿವರೆಗೆ ಓಡುವ ರಿಕ್ಷಾ, ಟೆಂಪೊ, ಸ್ಕೂಟರುಗಳ ಪ್ರಾಣ ಇರುವುದು ಈ ಶೆಡ್ಡುಗಳ ಕೈಯಲ್ಲಿ. ಗಾಡಿ ಕೆಟ್ಟರೆ ನೀವೂ ಅಲ್ಲಿಗೇ ಹೋಗುತ್ತೀರಿ, ನಾನೂ ಅಲ್ಲಿಗೇ ಹೋಗುತ್ತೇನೆ. ಕಂಪನಿ ಸರ್ವಿಸ್ ಸೆಂಟರಿನ ಬಿಲ್ಲು ಎಲ್ಲರಿಗೂ ಆಗಿಬರುವುದಿಲ್ಲ.

ಈಗ ಒಂದು ವಿಚಿತ್ರ ಕೇಳಿ. ಗಾಡಿ ಓಡಿಸುವ ನಿಮಗೆ ಲೈಸನ್ಸ್ ಬೇಕು. ಹೊಗೆ ಪರೀಕ್ಷೆ ಮಾಡಿ ಚೀಟಿ ಕೊಡುವ ಕೇಂದ್ರಕ್ಕೆ ಪರವಾನಗಿ ಬೇಕು. ಮನೆಯ ವೈರಿಂಗ್ ಮಾಡುವವನಿಗೆ ವೈರ್‌ಮನ್ ಪರ್ಮಿಟ್ ಇದೆ. ಮಾತ್ರೆ ಕೊಡುವ ಫಾರ್ಮಸಿಸ್ಟನಿಗೆ 1948ರಿಂದಲೇ ಕಾನೂನು ಇದೆ. ವಿಮಾನದ ರಿಪೇರಿಗೆ ಸಹಿ ಹಾಕುವ ಎಂಜಿನಿಯರನಿಗೆ ಡಿಜಿಸಿಎ ಲೈಸನ್ಸ್ ಕೊಡುತ್ತದೆ. ಆದರೆ ನಿಮ್ಮ ಗಾಡಿಯ ಬ್ರೇಕ್ ಬಿಚ್ಚಿ ಮತ್ತೆ ಜೋಡಿಸುವವನಿಗೆ? 1988ರ ಮೋಟಾರು ವಾಹನ ಕಾಯ್ದೆ ಚಾಲಕನ ಬಗ್ಗೆ ಪುಟಗಟ್ಟಲೆ ಹೇಳುತ್ತದೆ, ರಿಪೇರಿ ಮಾಡುವವನಿಗೆ ಲೈಸನ್ಸ್ ಕೇಳುವುದಿಲ್ಲ. ಇನ್ನು ಅಂಗಡಿಯ ಲೆಕ್ಕ. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯ ಪ್ರಕಾರ ಕೆಲವೇ ಕೆಲಸಗಾರರಿದ್ದರೆ ಬರೀ ತಿಳಿವಳಿಕೆ ಕೊಟ್ಟರೆ ಸಾಕು.

ನನಗೆ ಈ ವಿಚಾರ ತಲೆಗೆ ಹತ್ತಿದ್ದು ಒಂದು ಮಳೆಗಾಲದಲ್ಲಿ. ಸ್ಕೂಟರಿನ ಮುಂದಿನ ಡಿಸ್ಕ್ ಬ್ರೇಕ್ ಸಡಿಲ ಆಗಿತ್ತು. ದಾರಿಯ ಬದಿಯ ಗ್ಯಾರೇಜೊಂದರಲ್ಲಿ ಕೊಟ್ಟೆ. ಉಸ್ತಾದ್ ಊಟಕ್ಕೆ ಹೋಗಿದ್ದರು, ಕೆಲಸ ಮಾಡಿದ್ದು ಹುಡುಗ. ಮೂರನೇ ದಿನ ಇಳಿಜಾರಿನಲ್ಲಿ ಲಿವರ್ ಒತ್ತಿದರೆ ಅದು ಮೆತ್ತಗೆ ಹ್ಯಾಂಡಲಿಗೇ ಬಂದು ತಾಗಿತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕ್ ಹಿಡಿದು, ಎರಡೂ ಕಾಲು ನೆಲಕ್ಕೆ ಉಜ್ಜಿ ಹೇಗೋ ನಿಲ್ಲಿಸಿದೆ. ಮುಂದೆ ರಿಕ್ಷಾ ಇರಲಿಲ್ಲ, ಅದಕ್ಕೇ ಬದುಕಿದೆ. ದೂರು ಕೊಡೋಣ ಅಂದರೆ ಕೈಯಲ್ಲಿ ಬಿಲ್ಲೇ ಇಲ್ಲ.

ಆಮೇಲೆ ತಿಳಿಯಿತು, ತಪ್ಪು ತೀರಾ ಚಿಕ್ಕದು. ಡಿಸ್ಕ್ ಬ್ರೇಕಿನ ಪೈಪಿನಲ್ಲಿ ದ್ರವ ಇರುತ್ತದೆ. ನೀವು ಲಿವರ್ ಒತ್ತಿದ ಬಲವನ್ನು ಚಕ್ರದವರೆಗೆ ಒಯ್ಯುವುದು ಅದೇ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಗಾಳಿಯ ಗುಳ್ಳೆ ಉಳಿದರೆ ನಿಮ್ಮ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಇನ್ನೊಂದು ಸಂಗತಿ, ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಆವಿಯಾಗುತ್ತದೆ, ಮತ್ತೆ ಅದೇ ಗುಳ್ಳೆಯ ಕಥೆ. ನಮ್ಮ ಮಳೆಗಾಲದಲ್ಲಿ ಅರ್ಧ ತುಂಬಿದ ಬಾಟಲಿಯ ಮುಚ್ಚಳ ತೆರೆದು ಶೆಲ್ಫಿನಲ್ಲಿ ಇಟ್ಟರೆ ಏನಾಗುತ್ತದೆಂದು ನೀವೇ ಊಹಿಸಿ. ಇದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅವನು ಕಲಿತದ್ದು ಪಾನಾ ತಂದುಕೊಡುವುದರಿಂದ, ಬೈಗುಳ ತಿನ್ನುವುದರಿಂದ, ನೋಡುವುದರಿಂದ.

ಹಾಗಾದರೆ ಎಲ್ಲರಿಗೂ ಲೈಸನ್ಸ್ ಕಡ್ಡಾಯ ಮಾಡಿಬಿಡೋಣ ಅಂತೀರಾ? ಕೆಲವು ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಶೆಡ್ಡಿನಲ್ಲಿ ಇರುವವರು ಯಾರು ಅಂತ ಮೊದಲು ನೋಡಬೇಕು. ಮುಸ್ಲಿಮರ ದುಡಿಮೆ ಹೆಚ್ಚಾಗಿ ಸೇರಿಕೊಂಡಿರುವ ಕಸುಬುಗಳಲ್ಲಿ ವಾಹನ ರಿಪೇರಿಯೂ ಒಂದು ಎಂದು 2006ರ ಸಾಚಾರ್ ವರದಿಯೇ ಗುರುತಿಸಿದೆ. ಹತ್ತನೇ ತರಗತಿ ದಾಟದ ಮಕ್ಕಳು ಇಲ್ಲಿ ಬರುತ್ತಾರೆ, ಏಕೆಂದರೆ ಇಲ್ಲಿ ಯಾರೂ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ಐಟಿಐಯ ಎರಡು ವರ್ಷದ ಮೋಟಾರು ಮೆಕ್ಯಾನಿಕ್ ಕೋರ್ಸಿಗೆ ಸೇರಲು ಹತ್ತನೇ ತರಗತಿ ಪಾಸಾಗಿರಬೇಕು. ನಾಳೆಯೇ ಸರ್ಟಿಫಿಕೇಟ್ ಕಡ್ಡಾಯ ಎಂದರೆ ಮೂವತ್ತು ವರ್ಷ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ ಬೀದಿಗೆ ಬರುತ್ತಾನೆ, ಇಲ್ಲವೇ ತಿಂಗಳು ತಿಂಗಳು ಯಾರಿಗೋ ‘ಚಹಾ ಖರ್ಚು’ ಕೊಟ್ಟು ಶಟರ್ ಎತ್ತುತ್ತಾನೆ. ಎರಡನೆಯದೇ ಆಗುವುದು, ನಿಮಗೂ ಗೊತ್ತು. ಇನ್ನು ನೆರವಿನ ಮಾತು: 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕಮ್ಮಾರ, ದರ್ಜಿ, ಬೀಗ ಮಾಡುವವ ಎಲ್ಲರೂ ಇದ್ದಾರೆ, ಮೆಕ್ಯಾನಿಕ್ ಇಲ್ಲ.

ಇನ್ನೊಂದು ಅಡಚಣೆ ಇದೆ, ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಬಂತು, ಗಾಡಿ ತುಂಬ ಸೆನ್ಸರು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಯಿತು. ಕಾಯಿಲೆ ಹೇಳಲು ಈಗ ಕಿವಿ ಸಾಲದು, ಸ್ಕ್ಯಾನರ್ ಬೇಕು, ಕಂಪನಿಯ ಮಾಹಿತಿ ಬೇಕು. ಕಂಪನಿಗಳು ಅದನ್ನು ಹೊರಗಿನ ಗ್ಯಾರೇಜಿಗೆ ಕೊಡುತ್ತವೆಯೇ? ಬಿಡಿಭಾಗ, ಪರೀಕ್ಷೆಯ ಉಪಕರಣ, ರಿಪೇರಿ ಕೈಪಿಡಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದವೆಂದು ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಆಮೇಲೆ ‘ನಿನಗೆ ಓದಲು ಬರುವುದಿಲ್ಲ’ ಅಂದರೆ ಹೇಗೆ?

ಹೊರದೇಶಗಳಲ್ಲಿ ಏನಿದೆ ನೋಡಿ. ಜರ್ಮನಿಯಲ್ಲಿ ಸ್ವಂತ ಗ್ಯಾರೇಜ್ ತೆರೆಯಲು ಸಾಮಾನ್ಯವಾಗಿ ‘ಮೈಸ್ಟರ್’ ಪರೀಕ್ಷೆ ಪಾಸಾದವರು ಇರಬೇಕು. 2004ರಲ್ಲಿ ಐವತ್ತಕ್ಕೂ ಹೆಚ್ಚು ಕಸುಬುಗಳಿಗೆ ಈ ನಿಯಮ ತೆಗೆದರು, ವಾಹನ ರಿಪೇರಿಗೆ ತೆಗೆಯಲಿಲ್ಲ. ಅಮೆರಿಕದಲ್ಲಿ 1972ರಿಂದ ಎಎಸ್ಇ ಎಂಬ ಸಂಸ್ಥೆ ಪರೀಕ್ಷೆ ನಡೆಸುತ್ತದೆ, ಬರೆಯುವುದು ಬಿಡುವುದು ಮೆಕ್ಯಾನಿಕ್ ಇಷ್ಟ. ಆದರೆ ಮಿಷಿಗನ್ ರಾಜ್ಯ 1974ರ ಕಾನೂನಿನಿಂದ ಕಡ್ಡಾಯ ಮಾಡಿತು. ಅಲ್ಲಿ ಬ್ರೇಕಿಗೆ ಬೇರೆ, ಎಂಜಿನ್ನಿಗೆ ಬೇರೆ ಪರೀಕ್ಷೆ. ನನಗೆ ಹಿಡಿಸಿದ್ದು ಈ ವಿಂಗಡಣೆ. ಪಂಕ್ಚರ್ ಹಾಕುವವನಿಗೂ ಬ್ರೇಕ್ ಕಟ್ಟುವವನಿಗೂ ಒಂದೇ ತಕ್ಕಡಿ ಯಾಕೆ?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ರಿಕ್ಷಾಗಳ ಸಿಎನ್‌ಜಿ ನೋಡಿ. ಹಳೆ ಗಾಡಿಗೆ ಕಿಟ್ ಕೂರಿಸಬೇಕಾದರೆ ಕಿಟ್ಟಿಗೆ ಮಾನ್ಯತೆ ಬೇಕು, ಆರ್‌ಟಿಒದಲ್ಲಿ ಆರ್‌ಸಿ ಮೇಲೆ ನಮೂದಾಗಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಅಧಿಕೃತ ಕೇಂದ್ರದಲ್ಲಿ ಒತ್ತಡದ ಪರೀಕ್ಷೆಗೆ ಒಡ್ಡಬೇಕು. ಅಂದರೆ ಪ್ರಾಣಕ್ಕೆ ಕುತ್ತು ತರುವ ಕೆಲಸವನ್ನು ಬೇರೆ ಮಾಡಿ ಹಿಡಿಯುವುದು ನಮಗೂ ಗೊತ್ತು. ಬ್ರೇಕ್, ಸ್ಟೀರಿಂಗ್, ಬ್ಯಾಟರಿ ಗಾಡಿಗಳ ಹೈವೋಲ್ಟೇಜ್ ಭಾಗ, ಇವಿಷ್ಟಕ್ಕೆ ಅದೇ ರೀತಿ ಪರೀಕ್ಷೆ ಇಡಿ ಎಂಬುದು ನನ್ನ ಅಭಿಪ್ರಾಯ. ಗ್ಯಾರೇಜಿನಲ್ಲಿ ಅಂಥ ಒಬ್ಬರಾದರೂ ಇರಲಿ, ಹುಡುಗ ಮಾಡಿದ ಕೆಲಸವನ್ನು ಅವರು ನೋಡಿ ಸಹಿ ಹಾಕಲಿ. ಉಳಿದ ಕೆಲಸಗಳನ್ನು ಈಗಿನಂತೆ ಬಿಟ್ಟುಬಿಡಿ.

ಈ ಮಾತನ್ನು ಮುಂಬ್ರಾದ ಉಸ್ತಾದರೊಬ್ಬರ ಹತ್ತಿರ ಆಡಿದೆ. ನನ್ನ ಸ್ಕೂಟರಿನ ಬ್ರೇಕ್ ಮತ್ತೆ ಸರಿ ಮಾಡಿಕೊಟ್ಟವರು ಅವರೇ. ವಿಜಯಪುರ ಕಡೆಯವರು, ಕನ್ನಡ ಕೇಳಿದರೆ ಸಾಕು ಚಹಾ ತರಿಸುತ್ತಾರೆ. ಅವರು ಹೇಳಿದ್ದು ಇಷ್ಟು: ‘ಪರೀಕ್ಷಾ ಇಡ್ರಿ ಭಾಯ್, ಬ್ಯಾಡ ಅನ್ನಂಗಿಲ್ಲ. ಆದ್ರ ಪೇಪರ್ ಮ್ಯಾಲ ಬ್ಯಾಡ, ಗಾಡಿ ಮ್ಯಾಲ ಇಡ್ರಿ. ನನಗ ಬರಿಯಾಕ ಬರಂಗಿಲ್ಲ, ಬಿಚ್ಚಾಕ ಬರ್ತೈತಿ.’

ಹಾಗೆ ಕೈಕೆಲಸ ನೋಡಿ ಸರ್ಟಿಫಿಕೇಟ್ ಕೊಡುವ ದಾರಿ ಈಗಾಗಲೇ ಇದೆ. 2015ರಲ್ಲಿ ಶುರುವಾದ ಕೌಶಲ ಯೋಜನೆಯಲ್ಲಿ, ಮೊದಲೇ ಕಲಿತದ್ದನ್ನು ಅಳೆದು ಮಾನ್ಯ ಮಾಡುವ ಏರ್ಪಾಡು ಅದು. ತೊಂದರೆ ಏನೆಂದರೆ ಆ ಕಾಗದವನ್ನು ಗಿರಾಕಿ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕೇಳದ ಕಾಗದಕ್ಕೆ ಒಂದು ದಿನದ ದುಡಿಮೆ ಬಿಟ್ಟು ಯಾರು ಹೋಗುತ್ತಾರೆ?

ಕಾನೂನು ಬರುವವರೆಗೆ ನೀವು ಮಾಡಬಹುದಾದದ್ದು ಸ್ವಲ್ಪ ಇದೆ. ಬ್ರೇಕ್ ಕೆಲಸಕ್ಕೆ ಕೊಟ್ಟರೆ ಸೀಲ್ ಇರುವ ಹೊಸ ಬಾಟಲಿ ನಿಮ್ಮೆದುರಿಗೇ ತೆರೆಯಲು ಹೇಳಿ. ಕಳಚಿದ ಹಳೆ ಭಾಗ ವಾಪಸ್ ಕೇಳಿ. ಗಾಡಿ ತೆಗೆದುಕೊಳ್ಳುವ ಮುಂಚೆ ಅಲ್ಲೇ ಲಿವರ್ ಹಿಡಿದು ನೋಡಿ, ಮೆತ್ತಗಿದ್ದರೆ ಹೊರಡಬೇಡಿ. ಹದಿನಾಲ್ಕು ತುಂಬದ ಮಗು ಪಾನಾ ಹಿಡಿದಿದ್ದರೆ ಅದು ಅಪರಾಧ, ಅಲ್ಲಿ ಕೆಲಸ ಕೊಡಬೇಡಿ. ಮತ್ತೆ ಬಿಲ್. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಳ್ಳುತ್ತದೆ. ಅದು ಕೈಯಲ್ಲಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ಹೋಗಬಹುದು.

ಬಿಲ್ ಕೇಳಿದರೆ ಉಸ್ತಾದ್ ಮುಖ ಸಿಂಡರಿಸಬಹುದು. ಮುಂಬ್ರಾದವರೂ ಮೊದಲ ಸಲ ಸಿಂಡರಿಸಿದ್ದರು. ಈಗ ಅವರ ಹತ್ತಿರ ಬಿಲ್ ಪುಸ್ತಕ ಇದೆ, ಸಂಜೆ ಶಾಲೆಯಿಂದ ಬಂದ ಮಗಳು ಬರೆಯುತ್ತಾಳೆ, ಅಪ್ಪ ಕೆಳಗೆ ಹೆಬ್ಬೆಟ್ಟಿನ ಗ್ರೀಸ್ ಒರೆಸಿಕೊಂಡು ಸಹಿ ಹಾಕುತ್ತಾರೆ.