ಬಿಲ್ ಕೌಂಟರಿನಲ್ಲಿ ನೆನಪಾಗದ ಕಾನೂನು, ಟಿವಿಯಲ್ಲಿ ನಂಬಲಾಗದ ಸುದ್ದಿ

ಒಂದು ಪ್ರಶ್ನೆ. ಮನೆಮಂದಿಯೆಲ್ಲ ಕೂತು ಉತ್ತರ ಹೇಳಿ. ನಮ್ಮವರೊಬ್ಬರು ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಬಿಲ್ ಬಾಕಿ ಇದೆ. "ಹಣ ಕಟ್ಟಿ, ಆಮೇಲೆ ಮಯ್ಯತ್ ತೆಗೆದುಕೊಂಡು ಹೋಗಿ" ಅಂತ ಕೌಂಟರಿನಲ್ಲಿ ಹೇಳಬಹುದೇ?

ನಾವು ಕೇಳಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ "ಹೇಳ್ತಾರಲ್ಲ, ಅದೇ ರೂಢಿ" ಅಂದರು. ಒಬ್ಬರು ಮಾತ್ರ "ಏನೋ ಕಾನೂನು ಬಂದಿತ್ತಲ್ಲ, ಡಾಕ್ಟರುಗಳು ಸ್ಟ್ರೈಕ್ ಮಾಡಿದಾಗ" ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧ ನೆನಪೇ ಸರಿ. ಕರ್ನಾಟಕದಲ್ಲಿ 2017ರಲ್ಲಿ ಕಾನೂನಿಗೆ ತಿದ್ದುಪಡಿ ಆಗಿದೆ. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆದು ಇಡುವ ಹಾಗಿಲ್ಲ. ದೇಹ ಕೊಟ್ಟು ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ "ಮೊದಲು ಅಡ್ವಾನ್ಸ್ ಕಟ್ಟಿ" ಎಂದು ಚಿಕಿತ್ಸೆ ನಿಲ್ಲಿಸುವ ಹಾಗೂ ಇಲ್ಲ. ಮಯ್ಯತ್ತನ್ನು ಆದಷ್ಟು ಬೇಗ ದಫನ ಮಾಡಬೇಕೆಂಬ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಕಾನೂನು ಬೇರೆ ಯಾವುದಿದೆ? ಆದರೂ ನಮ್ಮ ಮನೆಗಳಲ್ಲಿ ಇದು ಗೊತ್ತಿಲ್ಲ. ಯಾಕೆ ಗೊತ್ತಾಗಲಿಲ್ಲ ಎಂಬುದೇ ಈ ವಾರದ ವಿಷಯ.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಎಂಬುದು 2007ರಿಂದಲೇ ಇತ್ತು. ಕೆಪಿಎಂಇ ಅಂತ ಚಿಕ್ಕದಾಗಿ ಕರೆಯುತ್ತಾರೆ. ಇದ್ದರೂ ಅದರಲ್ಲಿ ಹಲ್ಲಿರಲಿಲ್ಲ. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿ ಕೂತು ವರದಿ ಕೊಟ್ಟ ಮೇಲೆ, ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ 2017ರ ಜೂನ್‌ನಲ್ಲಿ ತಿದ್ದುಪಡಿ ಮಸೂದೆ ತಂದರು. ಚಿಕಿತ್ಸೆಗೆ ಸರ್ಕಾರ ದರ ನಿಗದಿ ಮಾಡುವುದು, ರೋಗಿಗಳ ದೂರು ಕೇಳಲು ಜಿಲ್ಲೆಗೊಂದು ಸಮಿತಿ, ನಿಯಮ ಮುರಿದವರಿಗೆ ಜೈಲು, ರೋಗಿಗಳ ಹಕ್ಕುಗಳ ಸನದು, ಇಷ್ಟು ಅದರ ತಿರುಳು.

ಖಾಸಗಿ ವೈದ್ಯರು ಎದ್ದು ನಿಂತರು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಶುರುವಾಗುವ ಹೊತ್ತಿಗೆ ಸಾವಿರಾರು ವೈದ್ಯರು ಅಲ್ಲಿ ಸೇರಿದರು, ಊರೂರುಗಳಲ್ಲಿ ಹೊರರೋಗಿ ವಿಭಾಗಗಳು ಮುಚ್ಚಿದವು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಸರ್ಕಾರಿ ಆಸ್ಪತ್ರೆಯಲ್ಲಿ ತಪ್ಪಾದರೆ ಈ ಕಾನೂನು ಯಾಕೆ ಅನ್ವಯಿಸುವುದಿಲ್ಲ ಎಂದು ಕೇಳಿದರು. ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಡೆಸುವ ಹಳ್ಳಿಯ ಡಾಕ್ಟರಿಗೂ ಐನೂರು ಹಾಸಿಗೆಯ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಲಾಠಿಯೇ ಎಂದರು. ಇದು ನ್ಯಾಯವಾದ ಪ್ರಶ್ನೆ. ಇನ್ನೊಂದು ಕಡೆ ಮನೆ ಅಡವಿಟ್ಟು ಬಿಲ್ ಕಟ್ಟಿದವರ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಹೀಗೆ ಎರಡೂ ಕಡೆ ಮಾತಿರುವಾಗ ಮಾಧ್ಯಮದ ಕೆಲಸ ಏನು? ಮಸೂದೆಯಲ್ಲಿ ಏನಿದೆ ಎಂದು ಓದಿ ಹೇಳುವುದು. ಆ ವಾರ ಟಿವಿ ನೋಡಿದವರಿಗೆ ಗೊತ್ತು, ನಡೆದದ್ದೇ ಬೇರೆ. ಸಚಿವರ ಹಠವೋ ವೈದ್ಯರ ದರ್ಪವೋ ಎಂಬ ಕುಸ್ತಿ. ಕೆಳಗೆ ಸಾವಿನ ಲೆಕ್ಕದ ಪಟ್ಟಿ ಓಡುತ್ತಿತ್ತು, ಒಂದು ಚಾನಲಿನ ಲೆಕ್ಕ ಇನ್ನೊಂದರದ್ದಕ್ಕೆ ತಾಳೆಯಾಗುತ್ತಿರಲಿಲ್ಲ. ಆ ಸಾವುಗಳಲ್ಲಿ ಯಾವುದು ಮುಷ್ಕರದಿಂದ, ಯಾವುದು ಹೇಗೂ ಆಗುತ್ತಿದ್ದದ್ದು ಎಂದು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಹೈಕೋರ್ಟಿನಲ್ಲಿ ವಿಚಾರಣೆ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯ ವೈದ್ಯರ ಜೊತೆ ಮಾತಾಡಿದರು, ಮುಷ್ಕರ ನಿಂತಿತು. ಅದೇ ಕ್ಷಣಕ್ಕೆ ಕ್ಯಾಮೆರಾಗಳೂ ಹೊರಟು ಹೋದವು.

ನಮ್ಮ ದೃಷ್ಟಿಯಲ್ಲಿ ನಿಜವಾದ ಸುದ್ದಿ ಶುರುವಾದದ್ದು ಅದರ ನಂತರ. ಮಸೂದೆ ಪಾಸಾಯಿತು, ಆದರೆ ಹಲ್ಲು ಕಿತ್ತು. ಹೆಚ್ಚು ಹಣ ವಸೂಲಿ ಮಾಡಿದರೆ ಜೈಲು ಎಂಬುದು ಬಿದ್ದುಹೋಯಿತು. ದರ ನಿಗದಿ ಸರ್ಕಾರಿ ಯೋಜನೆಯಡಿ ಬರುವ ರೋಗಿಗಳಿಗೆ ಸೀಮಿತವಾಯಿತು. ಉಳಿದದ್ದು ರೋಗಿಗಳ ಸನದು, ಅಡ್ವಾನ್ಸಿಗಾಗಿ ತುರ್ತು ಚಿಕಿತ್ಸೆ ನಿಲ್ಲಿಸಬಾರದೆಂಬ ನಿಯಮ, ಮೃತದೇಹದ ನಿಯಮ, ದರಪಟ್ಟಿ ಕಾಣುವಂತೆ ಹಾಕಬೇಕೆಂಬ ನಿಯಮ, ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ಏನು ಹೋಯಿತು, ಏನು ಉಳಿಯಿತು ಎಂದು ಒಂದು ವಾರ ಕೂತು ವಿವರಿಸಿದ್ದರೆ ಇವತ್ತು ಕೌಂಟರಿನ ಮುಂದೆ ನಮ್ಮ ಹುಡುಗರು ತಲೆ ತಗ್ಗಿಸಿ ನಿಲ್ಲುತ್ತಿರಲಿಲ್ಲ.

ಕೆಲವರು ಹೇಳುತ್ತಾರೆ, ಆಸ್ಪತ್ರೆಗಳ ಜಾಹೀರಾತು ಇರುವಾಗ ಮಾಧ್ಯಮದವರು ಬರೆಯುವುದಾದರೂ ಹೇಗೆ ಎಂದು. ಈ ಅನುಮಾನ ಸುಳ್ಳಲ್ಲ. ಯಾವ ಪತ್ರಿಕೆಯನ್ನೇ ತೆಗೆಯಿರಿ, ನಿಮ್ಮ ಕೈಯಲ್ಲಿರುವುದೂ ಸೇರಿ, ಹೃದಯ ತಪಾಸಣಾ ಶಿಬಿರ, ಹೊಸ ಕ್ಯಾನ್ಸರ್ ಬ್ಲಾಕ್ ಎಂದು ಏನಾದರೊಂದು ಜಾಹೀರಾತು ಕಾಣುತ್ತದೆ. ದಕ್ಷಿಣ ಕನ್ನಡ ಒಂದರಲ್ಲೇ, ಸುಳ್ಯದಿಂದ ದೇರಳಕಟ್ಟೆವರೆಗೆ ಎಣಿಸಿದರೆ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಅವುಗಳಲ್ಲಿ ನಮ್ಮ ಸಮುದಾಯದವರು ಕಟ್ಟಿದ್ದೂ ಇವೆ, ಅದರ ಬಗ್ಗೆ ನಮಗೆ ಹೆಮ್ಮೆಯೂ ಇದೆ. ನಮ್ಮ ಮಕ್ಕಳು ಅಲ್ಲಿ ಓದಿ ಡಾಕ್ಟರ್, ನರ್ಸ್ ಆಗಿದ್ದಾರೆ. ಹಾಗಂತ ಆರೋಗ್ಯ ಸುಧಾರಣೆಯ ಚರ್ಚೆಯಲ್ಲಿ ನಾವು ಬಾಯಿ ಮುಚ್ಚಿ ಕೂರಬೇಕೆಂದಿಲ್ಲ. ನಮ್ಮಲ್ಲಿ ಆಸ್ಪತ್ರೆ ಕಟ್ಟಿದವರು ಕೆಲವರು. ಬಿಲ್ ಕಟ್ಟುವವರು ಎಲ್ಲರೂ.

ಈಗ ನಂಬಿಕೆಯ ಮಾತು. ನಮ್ಮ ಮನೆಗಳಲ್ಲಿ ಟಿವಿ ಸುದ್ದಿ ಹಾಕುವುದನ್ನೇ ಬಿಟ್ಟವರು ಎಷ್ಟೋ ಮಂದಿ. ಯಾಕೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2020ರ ಮಾರ್ಚ್ ಕೊನೆ, ಏಪ್ರಿಲ್. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್ ಸುದ್ದಿಯಾದ ಮೇಲೆ ಒಂದು ರೋಗಕ್ಕೆ ಧರ್ಮ ಹಚ್ಚಿದರು. ಅದೇ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣ ರದ್ದು ಮಾಡುತ್ತಾ, ಅವರನ್ನು ಬಲಿಪಶು ಮಾಡಲಾಯಿತು ಎಂಬ ಅರ್ಥದಲ್ಲಿ ಬರೆಯಿತು, ಮಾಧ್ಯಮಗಳ ಅಪಪ್ರಚಾರವನ್ನೂ ಎತ್ತಿ ಹೇಳಿತು. 2021ರ ಜೂನ್‌ನಲ್ಲಿ ಸುದ್ದಿ ಚಾನಲ್‌ಗಳದ್ದೇ ಸ್ವನಿಯಂತ್ರಣ ಪ್ರಾಧಿಕಾರ, ಆ ದಿನಗಳ ಕಾರ್ಯಕ್ರಮಗಳಿಗಾಗಿ ಎರಡು ಕನ್ನಡ ಚಾನಲ್‌ಗಳಿಗೆ ದಂಡ ಹಾಕಿತು. ಒಂದಕ್ಕೆ 1 ಲಕ್ಷ ರೂಪಾಯಿ, ಇನ್ನೊಂದಕ್ಕೆ 50 ಸಾವಿರ. ಆ ಕಾರ್ಯಕ್ರಮಗಳು ಎಷ್ಟು ಮನೆಗೆ ತಲುಪಿದ್ದವು, ಈ ದಂಡದ ಸುದ್ದಿ ಎಷ್ಟು ಮನೆಗೆ ತಲುಪಿತು? ನೀವೇ ಲೆಕ್ಕ ಹಾಕಿ.

ಅದಕ್ಕೆ ಒಂದು ತಿಂಗಳ ಮೊದಲು, 2021ರ ಮೇ. ಬೆಂಗಳೂರಿನಲ್ಲಿ ಹಾಸಿಗೆ ಸಿಗದೆ ಜನ ಆಸ್ಪತ್ರೆಯ ಬಾಗಿಲಲ್ಲಿ ಒದ್ದಾಡುತ್ತಿದ್ದ ದಿನಗಳು. ಸಂಸದ ತೇಜಸ್ವಿ ಸೂರ್ಯ ಶಾಸಕರ ಜೊತೆ ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮಿಗೆ ಹೋಗಿ ಹಾಸಿಗೆ ದಂಧೆ ಆರೋಪ ಮಾಡಿದರು. ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇದ್ದ ಜಾಗದಲ್ಲಿ ಓದಿ ಹೇಳಿದ್ದು 17 ಮುಸ್ಲಿಂ ಹುಡುಗರ ಹೆಸರು. ಹೆಸರುಗಳ ಪಟ್ಟಿ ರಾತ್ರಿ ಬೆಳಗಾಗುವುದರೊಳಗೆ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಾಸಿಗೆಗಳು ಹೇಗೆ ಮಾಯವಾಗುತ್ತಿದ್ದವು ಎಂಬುದು ಇಡೀ ರಾಜ್ಯಕ್ಕೆ ಬೇಕಿದ್ದ ಉತ್ತರ. ಅದು ಆ ಪಟ್ಟಿಯಡಿ ಹೂತುಹೋಯಿತು. ನಮ್ಮ ಅಸಮಾಧಾನ ಹೆಸರುಗಳ ಬಗ್ಗೆ ಮಾತ್ರ ಅಲ್ಲ. ಹಾಸಿಗೆ ಸಿಗದೆ ಸತ್ತವರಲ್ಲಿ ಎಲ್ಲ ಜಾತಿಯವರೂ ಇದ್ದರು, ಅವರ ಪ್ರಶ್ನೆಯನ್ನೂ ಕದ್ದರು ಎಂಬುದು.

ಹೀಗಿರುವಾಗ "ಮಾಧ್ಯಮವನ್ನು ನಂಬಿ" ಎಂದು ನಿಮಗೆ ಉಪದೇಶ ಮಾಡಲು ನಾವು ಸಿದ್ಧರಿಲ್ಲ. ಆದರೆ ಟಿವಿ ಆಫ್ ಮಾಡಿದ ಮೇಲೆ ನಾವು ಹೋಗಿ ಕೂತದ್ದು ಎಲ್ಲಿ? ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಊರಿನ ಗ್ರೂಪ್, ಜಮಾಅತಿನ ಗ್ರೂಪ್, ಜುಬೈಲಿನಲ್ಲಿರುವವರ ಗ್ರೂಪ್. ರಕ್ತ ಬೇಕೆಂದರೆ ಅರ್ಧ ಗಂಟೆಯಲ್ಲಿ ನಾಲ್ಕು ಮಂದಿ ಆಸ್ಪತ್ರೆ ಬಾಗಿಲಲ್ಲಿ ನಿಲ್ಲುವುದು ಈ ಗ್ರೂಪುಗಳಿಂದಲೇ. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಗ್ರೂಪುಗಳಲ್ಲಿ 2017ರ ಫೆಬ್ರವರಿಯಲ್ಲಿ ಏನು ಓಡಾಡಿತು? ಆಗ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯುತ್ತಿತ್ತು. ಮುಂದೆ ಮಕ್ಕಳಾಗುವುದಿಲ್ಲ, ಇದು ನಮ್ಮ ಸಂಖ್ಯೆ ಕಡಿಮೆ ಮಾಡುವ ಹುನ್ನಾರ ಎಂಬ ಆಡಿಯೋಗಳು. ಯಾರ ಸ್ವರ, ಯಾವ ಊರಿನದ್ದು, ಗೊತ್ತಿಲ್ಲ. ಶಾಲೆಗೆ ಹೋಗಿ "ನಮ್ಮ ಮಗುವಿಗೆ ಕೊಡ್ಬೇಡಿ" ಅಂದವರು ಇದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಡಿಫ್ತೀರಿಯಾ ಮರಳಿ ಬಂದು, ಲಸಿಕೆ ಹಾಕಿಸದ ಮಕ್ಕಳ ಜೀವ ತೆಗೆದಿತ್ತು. ಆ ಸುದ್ದಿಗೆ ಆಡಿಯೋ ಇರಲಿಲ್ಲ, ಫಾರ್ವರ್ಡೂ ಆಗಲಿಲ್ಲ.

ಅಂದರೆ ಚಾನಲಿನ ಮೇಲಿನ ಅಪನಂಬಿಕೆ ನಮ್ಮನ್ನು ಹುಷಾರು ಮಾಡಲಿಲ್ಲ. ನಂಬುವ ಜಾಗ ಬದಲಾಯಿತು, ಅಷ್ಟೇ.

ತಲಪಾಡಿಯ ಕಥೆಯನ್ನೂ ಇಲ್ಲಿ ಹೇಳಬೇಕು, ಅದು ನಮ್ಮ ಮನೆಯೊಳಗಿನದ್ದು. ಉಳ್ಳಾಲ, ಮಂಜೇಶ್ವರ, ಉಪ್ಪಳ ಎಂದು ಹೆಣ್ಣು ಕೊಟ್ಟು ತಂದವರು ನಾವು. 2020ರ ಮಾರ್ಚ್ ಕೊನೆಗೆ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಕನ್ನಡ ಟಿವಿಯಲ್ಲಿ ಅದು ಕೇರಳದಿಂದ ಬರುವ ಕೊರೋನಾ ತಡೆಯುವ ಸುದ್ದಿ. ಮಲಯಾಳಂ ಪತ್ರಿಕೆಯಲ್ಲಿ ಅದೇ ರಸ್ತೆ, ಆಂಬ್ಯುಲೆನ್ಸ್ ತಿರುಗಿ ಹೋಗಿ ರೋಗಿಗಳು ತೀರಿಕೊಂಡ ಸುದ್ದಿ. ಎರಡೂ ಭಾಷೆ ಓದಬಲ್ಲ ನಮ್ಮ ಕೆಲವು ಮನೆಗಳಿಗೆ ಮಾತ್ರ ಎರಡೂ ಕಾಣಿಸಿತು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ರಸ್ತೆ ತೆರೆಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಕೊನೆಗೆ ಎರಡು ರಾಜ್ಯಗಳ ನಡುವೆ ಒಂದು ಒಪ್ಪಂದ ಬಂತು. ಆದರೆ ಎರಡೂ ಕಡೆಯವರು ಜೋರಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು. ಕಾಸರಗೋಡು ಜಿಲ್ಲೆಯ ಜನ ಡಯಾಲಿಸಿಸ್‌ಗೂ ಹೃದಯಕ್ಕೂ ಮಂಗಳೂರಿಗೇ ಯಾಕೆ ಓಡಬೇಕು? ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು. ಅಲ್ಲಿ ಕೋವಿಡ್ ಆಸ್ಪತ್ರೆ ಅಂತ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ, ರಸ್ತೆ ಮುಚ್ಚಿದ ಮೇಲೆ. ಆ ನಡುವಿನ ವರ್ಷಗಳಲ್ಲಿ ಈ ಕಟ್ಟಡದ ಬಗ್ಗೆ ಗಡಿಯ ಈಚೆ ಯಾರು ಬರೆದರು?

ನಮ್ಮ ಕಡೆಯೂ ಬೆನ್ನು ತಟ್ಟಿಕೊಳ್ಳುವಂಥದ್ದೇನಿಲ್ಲ. ಬಡವರ ಪಾಲಿಗೆ ಇವತ್ತಿಗೂ ಇರುವುದು 1848ರಲ್ಲಿ ಶುರುವಾದ ವೆನ್‌ಲಾಕ್. ಹೆರಿಗೆಗೆ ಲೇಡಿಗೋಷನ್. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲೂ ದಾರಿ ಅಲ್ಲಿಂದಲೇ ಹೋಗುತ್ತದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ದೊಡ್ಡ ಚಿಕಿತ್ಸೆಗೆ ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಚಿಕಿತ್ಸೆಗಳಿಗೆ ಬೇಡ, ನೇರ ಹೋಗಬಹುದು. ಈ ಕೊನೆಯ ವಾಕ್ಯ ಗೊತ್ತಿಲ್ಲದೆ ಎದೆನೋವಿನವರನ್ನು ಚೀಟಿಗಾಗಿ ಸುತ್ತಿಸುವವರೂ ಇದ್ದಾರೆ, ಎಲ್ಲದಕ್ಕೂ ನೇರ ಹೋಗಬಹುದೆಂದು ಹೋಗಿ ಪೂರ್ತಿ ಬಿಲ್ ಕಟ್ಟಿ ಬರುವವರೂ ಇದ್ದಾರೆ.

ರೆಫರಲ್ ಬೇಕೇ ಬೇಡವೇ ಎಂಬುದರಲ್ಲೇ ಒಳ್ಳೆಯ ಚರ್ಚೆ ಇದೆ. ತೆಗೆದುಬಿಟ್ಟರೆ ಸರ್ಕಾರದ ಹಣವೆಲ್ಲ ನೇರ ಖಾಸಗಿಗೆ ಹರಿಯುತ್ತದೆ, ವೆನ್‌ಲಾಕ್ ಇನ್ನಷ್ಟು ಸೊರಗುತ್ತದೆ. ಇಟ್ಟರೆ ರೋಗಿಗೆ ಅಲೆದಾಟ. ನಮಗೆ ಕೇಳಿದರೆ ಚೀಟಿ ಇರಲಿ, ಆದರೆ ಚೀಟಿ ಕೊಡುವ ಕಡೆ ಡಾಕ್ಟರುಗಳ ಹುದ್ದೆ ಖಾಲಿ ಇರಬಾರದು. ಇದಕ್ಕೆ ಒಪ್ಪದವರು ಇರಬಹುದು, ಬರೆದು ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.

ದರ ನಿಗದಿ ಅಸಾಧ್ಯ ಎಂಬ ಮಾತನ್ನು ಮಾತ್ರ ನಾವು ಈಗ ಒಪ್ಪುವುದಿಲ್ಲ. 2020ರ ಜೂನ್‌ನಲ್ಲಿ ಇದೇ ಸರ್ಕಾರಿ ಯಂತ್ರ ಖಾಸಗಿ ಆಸ್ಪತ್ರೆಗಳ ಕೋವಿಡ್ ದರ ಕಟ್ಟಿತು. ಸ್ವಂತ ಹಣದಲ್ಲಿ ಸೇರಿದವರಿಗೆ ಜನರಲ್ ವಾರ್ಡ್ ದಿನಕ್ಕೆ 10 ಸಾವಿರ, ವೆಂಟಿಲೇಟರ್ ಇರುವ ಐಸಿಯು 25 ಸಾವಿರ. ಕಡಿಮೆಯೇನಲ್ಲ. ಎಲ್ಲ ಕಡೆ ಪಾಲಿಸಿದರು ಎಂದೂ ಹೇಳುವುದಿಲ್ಲ. ಆದರೆ ಅಂಕಿ ಪತ್ರಿಕೆಯಲ್ಲಿ ಬಂದಿದ್ದರಿಂದ ಜನ ಆ ತುಂಡು ಕಾಗದ ಹಿಡಿದು ಕೌಂಟರಿನಲ್ಲಿ ವಾದ ಮಾಡಿದರು.

ಗ್ರೂಪುಗಳಲ್ಲಿ ಈಗಲೂ ವಾರಕ್ಕೆ ಎರಡು ಮೂರು ಅಪೀಲು ಬರುತ್ತವೆ. ಐಸಿಯುನಲ್ಲಿರುವ ಮಗುವಿನ ಫೋಟೋ, ಬಾಕಿ ಇರುವ ಮೊತ್ತ, ಗೂಗಲ್ ಪೇ ನಂಬರ್. ನಮ್ಮವರು ಕೊಡುತ್ತಾರೆ, ಜುಮುಅ ಬಳಿಕ ಬಟ್ಟೆ ಹಾಸಿಯೂ ಎತ್ತುತ್ತಾರೆ. ಹಣ ಹಾಕುವ ಮೊದಲು ಗ್ರೂಪಿನ ಅಡ್ಮಿನ್‌ಗಳು ನಾಲ್ಕು ವಿಷಯ ಕೇಳಲಿ. ಆ ಕುಟುಂಬಕ್ಕೆ ಯಾವ ಕಾರ್ಡ್ ಇದೆ? ಯೋಜನೆಯಡಿ ಹಾಕಿಸಿದ್ದಾರಾ, ಇಲ್ಲದಿದ್ದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರನನ್ನು ಕಂಡಿದ್ದಾರಾ? ವಿವರವಾದ ಬಿಲ್ ಕೇಳಿ ಪಡೆದಿದ್ದಾರಾ? ಬಿಲ್ ಅನ್ಯಾಯದ್ದು ಅನ್ನಿಸಿದರೆ ಜಿಲ್ಲಾಧಿಕಾರಿ ಕಚೇರಿಯ ಪ್ರಾಧಿಕಾರಕ್ಕೆ ಬರೆದು ಕೊಟ್ಟಿದ್ದಾರಾ? ಬರೆದು ಕೊಟ್ಟವರು ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ. ಏನು ಉತ್ತರ ಬಂತು, ಎಷ್ಟು ದಿನಕ್ಕೆ ಬಂತು ಎಂದು ರೋಗಿಯ ಹೆಸರು ಹಾಕದೆ ಇಲ್ಲಿ ಪ್ರಕಟಿಸುತ್ತೇವೆ. ಆಸ್ಪತ್ರೆಯವರ ಉತ್ತರ ಇದ್ದರೆ ಅದನ್ನೂ ಪಕ್ಕದಲ್ಲೇ ಹಾಕುತ್ತೇವೆ.