ಬಾಡಿಗೆ ಮನೆಗಳ ಸಾಲು ಕೊಳ್ಳುವ ಮುನ್ನ

ಜುಮುಆ ಖುತ್ಬಾದಲ್ಲಿ ಹಲಾಲ್ ಸಂಪಾದನೆಯ ವಿಷಯ ಬಂದ ವಾರ, ನಮಾಝ್ ಮುಗಿದ ಮೇಲೆ ಒಂದಿಬ್ಬರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಗಲ್ಫ್‌ನಲ್ಲಿ ದುಡಿದು ಬಂದವರು, ತಂದೆಯ ತೋಟದ ಪಾಲು ಮಾರಿದವರು, ಅಂಗಡಿಯಲ್ಲಿ ನಾಲ್ಕು ಕಾಸು ಉಳಿಸಿದವರು. "ಹಝ್ರತ್, ಶಿಕಾರಿಪುರದಲ್ಲಿ ನಾಲ್ಕು ಮನೆಗಳ ಸಾಲು ಮಾರಾಟಕ್ಕಿದೆ, ತೆಗೆದುಕೊಳ್ಳಲೇ?" ಸೊರಬದ ಕಡೆಯವರೂ, ಶಿರಾಳಕೊಪ್ಪದವರೂ ಇದನ್ನೇ ಕೇಳುತ್ತಾರೆ. ಮನೆ ಬಾಡಿಗೆಗೆ ಕೊಡುವುದು ಶರೀಅತ್‌ನಲ್ಲಿ ಇಜಾರಾ. ಅದರ ಆದಾಯ ಹಲಾಲ್, ಅದರಲ್ಲಿ ಸಂಶಯವಿಲ್ಲ. ಆ ಮನೆಗಳನ್ನು ಯಾರ ಹಣದಿಂದ ಕೊಳ್ಳುತ್ತೇವೆ ಎಂಬುದನ್ನೇ ನಾವು ಹೆಚ್ಚು ಯೋಚಿಸಬೇಕು.

ಮೊದಲು ಲೆಕ್ಕ ಹಾಕೋಣ. ಉದಾಹರಣೆಗೆ ನಾಲ್ಕು ಮನೆಗಳ ಸಾಲಿಗೆ 36 ಲಕ್ಷ ಬೆಲೆ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಸೆಸ್, ಸರ್‌ಚಾರ್ಜ್ ಸೇರಿದರೆ ಎರಡೂಮುಕ್ಕಾಲು ಲಕ್ಷದ ಹತ್ತಿರ ಖರ್ಚು. ಮನೆಗೆ 5,000 ಬಾಡಿಗೆಯಂತೆ ವರ್ಷಕ್ಕೆ 2,40,000 ರೂಪಾಯಿ. ಒಂದೊಂದು ಮನೆಯೂ ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 20,000 ಹೋಯಿತು. ಕಂದಾಯ, ಸುಣ್ಣಬಣ್ಣ, ಮೋಟಾರು, ಮಳೆಗಾಲದಲ್ಲಿ ಸೋರುವ ಮಾಡಿನ ರಿಪೇರಿ ಸೇರಿ 30,000 ಹಿಡಿಯಿರಿ. ಉಳಿಯುವುದು 1,90,000. ಅಂದರೆ ಹಾಕಿದ ಹಣದ ಮೇಲೆ ನೂರಕ್ಕೆ ಐದೂ ಬರುವುದಿಲ್ಲ. ಬಡ್ಡಿ ಹರಾಮ್ ಎಂಬುದನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು ಅಂಕಿಯನ್ನಷ್ಟೇ ನೋಡಿ: 25 ಲಕ್ಷ ಬ್ಯಾಂಕ್ ಸಾಲಕ್ಕೆ ನೂರಕ್ಕೆ 9ರಂತೆ ಮೊದಲ ವರ್ಷದ ಬಡ್ಡಿಯೇ 2,25,000ದ ಆಸುಪಾಸು. ಬಾಡಿಗೆಯೆಲ್ಲ ಬಡ್ಡಿಗೆ ಹೋಗಿ, ಮೇಲೆ ಜೇಬಿನಿಂದ ಹಾಕಬೇಕು. "ಬಾಡಿಗೆಯಲ್ಲೇ ಸಾಲ ತೀರುತ್ತದೆ" ಎನ್ನುವ ದಲ್ಲಾಳಿಯ ಎದುರು ಈ ಲೆಕ್ಕ ಇಡಿ.

ಬ್ಯಾಂಕಿಗೆ ಹೋಗದ ನಮ್ಮವರು ಇನ್ನೊಂದು ದಾರಿ ಹಿಡಿಯುತ್ತಾರೆ. ಅದೇ ಭೋಗ್ಯ. ಕೆಲವರು ಲೀಸ್ ಎನ್ನುತ್ತಾರೆ. ಮನೆಯಲ್ಲಿರುವವನು 4 ಲಕ್ಷ ಕೊಡುತ್ತಾನೆ, ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತಾನೆ, ಬಿಡುವಾಗ 4 ಲಕ್ಷವನ್ನೂ ವಾಪಸ್ ಪಡೆಯುತ್ತಾನೆ. ನಾಲ್ಕು ಮನೆಗೆ 16 ಲಕ್ಷ. ಮಾರುವವನು ಭೋಗ್ಯದವರನ್ನು ಹಾಗೆಯೇ ಬಿಟ್ಟು, ಆ 16 ಲಕ್ಷವನ್ನು ಬೆಲೆಯಲ್ಲಿ ವಜಾ ಮಾಡುತ್ತೇನೆ ಎನ್ನುತ್ತಾನೆ. ಕೊಳ್ಳುವವನಿಗೆ 20 ಲಕ್ಷಕ್ಕೇ ಆಸ್ತಿ ಸಿಕ್ಕಿತೆಂಬ ಸಂತೋಷ. ಆದರೆ ಅವನ ಕೈಗೆ ಬಂದಿರುವುದು ಬಾಡಿಗೆ ಬಾರದ ನಾಲ್ಕು ಮನೆ ಮತ್ತು 16 ಲಕ್ಷದ ಸಾಲ. ಇಬ್ಬರು ಒಂದೇ ತಿಂಗಳಲ್ಲಿ ಬಿಡುತ್ತೇವೆಂದರೆ 8 ಲಕ್ಷ ಎಲ್ಲಿಂದ ತರುವುದು? ಹೊಸ ಭೋಗ್ಯದವನನ್ನು ಹುಡುಕಿ, ಅವನ ಹಣದಿಂದ ಹಳಬನ ಲೆಕ್ಕ ಚುಕ್ತಾ ಮಾಡುವುದು. ಹೊಸಬ ಸಿಗದಿದ್ದರೆ ಹಳಬನನ್ನು ಅಲೆಸುವುದು. ಮಗಳ ಮದುವೆಗೆಂದು ಆ ದುಡ್ಡನ್ನೇ ನಂಬಿ ಕೂತ ಕುಟುಂಬದ ಗತಿ ಏನಾಗಬೇಕು?

ದೀನ್‌ನ ದೃಷ್ಟಿಯಿಂದಲೂ ಇದು ಸರಿಯಲ್ಲ. ಕೊಟ್ಟ ಹಣ ಪೂರ್ತಿ ವಾಪಸ್ ಬರುವುದಾದರೆ ಅದು ಸಾಲ. ಸಾಲ ಕೊಟ್ಟ ಕಾರಣಕ್ಕೆ ಷರತ್ತಿನಂತೆ ಪಡೆಯುವ ಲಾಭ ಬಡ್ಡಿಯೇ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಇಲ್ಲಿ ಪುಕ್ಕಟೆ ವಾಸವೇ ಆ ಲಾಭ. ತಿಂಗಳಿಗೆ ನೂರು ರೂಪಾಯಿ ಬಾಡಿಗೆ ಎಂದು ಹೆಸರಿಗೆ ಬರೆದುಕೊಂಡರೆ ವಿಷಯ ಬದಲಾಗುವುದಿಲ್ಲ. ಇಬ್ಬರಿಗೂ ಒಪ್ಪಿಗೆ ಇದೆಯಲ್ಲ ಎನ್ನುವವರು, ಬಡ್ಡಿ ವ್ಯವಹಾರದಲ್ಲೂ ಇಬ್ಬರ ಒಪ್ಪಿಗೆ ಇರುತ್ತದೆ ಎಂಬುದನ್ನು ನೆನೆಯಬೇಕು. ಮಾಲೀಕನಿಗೆ ದೊಡ್ಡ ಮೊತ್ತ ಬೇಕೇ ಬೇಕಾದರೆ ಮುಂಗಡ ಬಾಡಿಗೆ ಪಡೆಯಲಿ. ತಿಂಗಳಿಗೆ 4,500ರಂತೆ ಮೂರು ವರ್ಷಕ್ಕೆ 1,62,000. ಪ್ರತಿ ತಿಂಗಳು ಅದರಲ್ಲಿ ಮುರಿಯುತ್ತಾ ಹೋದರೆ ಅವಧಿ ಮುಗಿದಾಗ ಹಿಂದಿರುಗಿಸುವುದು ಏನೂ ಇರುವುದಿಲ್ಲ. ನಡುವೆ ಬಿಟ್ಟರೆ ಉಳಿದ ತಿಂಗಳುಗಳದ್ದು ಮಾತ್ರ ವಾಪಸ್. ಒಟ್ಟಿಗೆ ಕೊಟ್ಟವನಿಗೆ ಬಾಡಿಗೆ ಸ್ವಲ್ಪ ಕಡಿಮೆ ಮಾಡುವುದೂ ತಪ್ಪಲ್ಲ, ಏಕೆಂದರೆ ಇಲ್ಲಿ ಸಾಲವೇ ಇಲ್ಲ.

ಹಣ ಸಾಲದವರು ಪಾಲುದಾರರಾಗಿ. ಅಣ್ಣತಮ್ಮಂದಿರು, ಭಾವಮೈದುನರು ಸೇರಿ ಕೊಳ್ಳಲಿ, ಯಾರದ್ದು ಎಷ್ಟು ಎಂದು ಕ್ರಯಪತ್ರದಲ್ಲೇ ಬರಲಿ. "ನಮ್ಮ ನಮ್ಮಲ್ಲಿ ಬರಹ ಯಾಕೆ" ಎನ್ನುವವರು ಅಲ್-ಬಕರಾ ಅಧ್ಯಾಯದ 282ನೇ ಸೂಕ್ತದ ಅನುವಾದ ಒಮ್ಮೆ ಓದಲಿ. ಕುರ್‌ಆನಿನ ಅತಿ ಉದ್ದದ ಸೂಕ್ತ ಅದು. ಅದರ ವಿಷಯವೇ ಲೇವಾದೇವಿಯನ್ನು ಬರೆದಿಡುವುದು. ಅಥವಾ ನಾಲ್ಕರ ಬದಲು ಎರಡು ಮನೆ ಕೊಳ್ಳಿ. ಇದರಲ್ಲಿ ನಾಚಿಕೆ ಏನಿದೆ?

ಇನ್ನು ಕಾಗದಪತ್ರ. ಉಪನೋಂದಣಿ ಕಚೇರಿಯಲ್ಲೋ ಕಾವೇರಿ ತಂತ್ರಾಂಶದಲ್ಲೋ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಆದರೆ ನೋಂದಣಿಯಾಗದ ಭೋಗ್ಯ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಒಂದೊಂದು ಮನೆಯ ಬಾಗಿಲು ತಟ್ಟಿ, ಎಷ್ಟು ಕೊಟ್ಟಿದ್ದೀರಿ ಎಂದು ನೀವೇ ಕೇಳಬೇಕು. ಪಟ್ಟಣದಲ್ಲಿ ಇ-ಖಾತಾ ಎ ಯೋ ಬಿ ಯೋ, ಗ್ರಾಮ ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11ಎ ಇದೆಯೋ, ಬರೀ 11ಬಿ ಇದೆಯೋ ನೋಡಿ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಬಗರ್‌ಹುಕುಂ ಜಮೀನಿನ ಮೇಲೆ ಕಟ್ಟಿದ ಮನೆಯನ್ನು ಬರೀ ಬಾಂಡ್ ಪೇಪರಿನಲ್ಲಿ ಮಾರುವವರಿದ್ದಾರೆ. ಅದು ಕ್ರಯವಲ್ಲ. ಜಾಗ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಬಡವನ ಭೂಮಿ ಉಳಿಸಲು ಬಂದ ಕಾನೂನು ಅದು, ಅದನ್ನು ತಪ್ಪಿಸುವ ಉಪಾಯ ಹುಡುಕಬೇಡಿ. ಮಾರುವವರು ನಮ್ಮ ಸಮುದಾಯದವರಾಗಿದ್ದರೆ ಇನ್ನೊಂದನ್ನೂ ಕೇಳಿ: ಇವರ ಅಕ್ಕತಂಗಿಯರು ಎಲ್ಲಿದ್ದಾರೆ? ತಂದೆಯ ಮನೆಯನ್ನು ಗಂಡುಮಕ್ಕಳಷ್ಟೇ ಸಹಿ ಹಾಕಿ ಮಾರಿದರೆ ಹೆಣ್ಣುಮಕ್ಕಳ ಪಾಲು ನಿಮ್ಮ ಗೋಡೆಯೊಳಗೆ ಸೇರಿಕೊಂಡಂತೆ. ಅವರು ನಾಳೆ ಕೋರ್ಟಿಗೆ ಬರಬಹುದು. ಬಾರದಿದ್ದರೂ ಅವರ ಹಕ್ಕು ಹೋಗುವುದಿಲ್ಲ.

ಕೊಂಡ ಮೇಲೆ ಮೊದಲು ಮಾಡಬೇಕಾದ ಕೆಲಸ ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್. 2023ರಲ್ಲಿ ಬಂದ ಗೃಹಜ್ಯೋತಿಯ ಪ್ರಯೋಜನ ಬಾಡಿಗೆದಾರರಿಗೂ ಇದೆ, ಆದರೆ ಅದಕ್ಕೆ ಆ ಮನೆಯದೇ ಆರ್‌ಆರ್ ನಂಬರ್ ಬೇಕು. ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು ಬಿಲ್ ಹಂಚುವ ಮಾಲೀಕರು ಬಾಡಿಗೆದಾರರಿಗೆ ನಷ್ಟ ಮಾಡುತ್ತಾರೆ, ಪ್ರತಿ ತಿಂಗಳ ಜಗಳವನ್ನೂ ತಾವೇ ತರುತ್ತಾರೆ. ನೀರಿನ ಟ್ಯಾಂಕಿನ ಮಾತೂ ಇದೇ.

ಬಾಡಿಗೆ ಎಷ್ಟು, ಅವಧಿ ಎಷ್ಟು, ಯಾವಾಗ ಎಷ್ಟು ಏರುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಗೊತ್ತಿಲ್ಲದ ಬಾಡಿಗೆಗೆ ಇಜಾರಾ ಸರಿಯಾಗುವುದಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಎಲ್ಲರೂ ಹನ್ನೊಂದು ತಿಂಗಳೆಂದು ಬರೆಸುವುದು ಅದಕ್ಕೇ. ಮಾಡು, ಗೋಡೆ, ಚರಂಡಿಯ ರಿಪೇರಿ ಮಾಲೀಕನ ಹೊಣೆ. ಬಲ್ಬು, ಬಾಡಿಗೆದಾರನ ಕೈಯಿಂದ ಮುರಿದ ನಲ್ಲಿ ಅವನದು. ಆಸ್ಪತ್ರೆಯ ನರ್ಸ್ ಇರಲಿ, ಸಾಮಿಲ್‌ನ ಕೂಲಿಯವನಿರಲಿ, ಯಾವ ಜಾತಿ ಮತದವನಿರಲಿ, ಬಾಡಿಗೆ ಕೊಟ್ಟಿರುವಷ್ಟು ದಿನ ಆ ಮನೆ ಅವನ ಮನೆ. ಹೇಳದೆ ಒಳಗೆ ಕಾಲಿಡಬೇಡಿ.

ಝಕಾತ್ ವಿಷಯದಲ್ಲಿ ಗೊಂದಲ ಬೇಡ. ಬಾಡಿಗೆಗೆಂದು ಇಟ್ಟುಕೊಂಡ ಮನೆಯ ಬೆಲೆಗೆ ಝಕಾತ್ ಇಲ್ಲ. ಬಂದ ಬಾಡಿಗೆಯಲ್ಲಿ ಖರ್ಚಾಗಿ ಉಳಿದದ್ದು ನಿಮ್ಮ ಇತರ ಹಣದೊಂದಿಗೆ ನಿಸಾಬ್ ತಲುಪಿ ಚಾಂದ್ರಮಾನ ವರ್ಷ ತುಂಬಿದಾಗ ನೂರಕ್ಕೆ ಎರಡೂವರೆ. ಲಾಭಕ್ಕೆ ಮಾರುವ ಉದ್ದೇಶದಿಂದಲೇ ಕೊಂಡಿದ್ದರೆ ಮಾತ್ರ ಮಾರುಕಟ್ಟೆ ಬೆಲೆಯ ಮೇಲೆ.

ಬಾಡಿಗೆದಾರನಿಂದ ಪಡೆದ ಡಿಪಾಜಿಟ್ ನಿಮ್ಮ ಆದಾಯವಲ್ಲ, ಹಿಂದಿರುಗಿಸಬೇಕಾದ ಹಣ. ಮಾಲೀಕ ತೀರಿಕೊಂಡರೆ ವಾರಸುದಾರರಿಗೆ ಆಸ್ತಿ ಹಂಚುವ ಮೊದಲು ಸಾಲಗಳು ತೀರಬೇಕು, ಡಿಪಾಜಿಟ್ ಆ ಸಾಲಗಳಲ್ಲಿ ಒಂದು. ಯಾವ ಮನೆಯವರಿಂದ ಎಷ್ಟು, ಯಾವ ದಿನ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕ ಎಲ್ಲಿದೆ ಎಂದು ಹೆಂಡತಿ ಮಕ್ಕಳಿಗೆ ಹೇಳಿಡಿ.