ಮಡದಿಯ ಕೈಕೆಲಸ ಮಾರಿದ ಲೂಯಿ ಮಾರ್ಟಿನ್

ಬೆಳೆಯುವವನೊಬ್ಬ, ಮಾರುವವನೊಬ್ಬ. ನಮ್ಮ ಹೊಳಲ್ಕೆರೆ, ಹೊಸದುರ್ಗದ ಕಡೆ ತೋಟದವರು ನಾಲ್ಕು ಜನ ಸೇರಿದರೆ ಈ ಎರಡನೆಯವನ ಬಗ್ಗೆ ಒಳ್ಳೆಯ ಮಾತು ಕೇಳಿಬರುವುದು ಅಪರೂಪ. ಖೇಣಿದಾರನಿರಲಿ, ಮಂಡಿಯವನಿರಲಿ, ನಮ್ಮ ಬೆವರಿನಲ್ಲಿ ಅವನು ಪಾಲು ಹೊಡೆಯುತ್ತಾನೆಂಬ ಭಾವನೆ. ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಧಾರಣೆ ಕುಸಿದು ಬೆಳೆಗಾರ ಕಂಗಾಲಾದ ಮೇಲೆಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು. ಕಾಫಿಯವರಿಗೆ ಮಂಡಳಿಯ ಪೂಲ್ ಇದ್ದಷ್ಟು ಕಾಲ ಮಾರುವ ಚಿಂತೆ ಅಷ್ಟಾಗಿ ಇರಲಿಲ್ಲ. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಅವರೂ ಗಿರಾಕಿಯ ಮುಖ ನೋಡಬೇಕಾಯಿತು. ಹೀಗಿರುವಾಗ, ಇನ್ನೊಬ್ಬರ ಕೈಕೆಲಸವನ್ನು ಪೇಟೆಗೆ ಕೊಂಡೊಯ್ದು ಮಾರುವ ಕಸುಬನ್ನು ಮರ್ಯಾದೆಯಿಂದ ನಡೆಸಿದ ಒಬ್ಬ ಗೃಹಸ್ಥರ ಜೀವನವನ್ನು ಓದುಗರ ಮುಂದಿಡುವುದು ಅಪ್ರಸ್ತುತವಾಗಲಾರದು.

ಅವರು ನಮ್ಮ ಸೀಮೆಯವರಲ್ಲ, ಫ್ರಾನ್ಸ್ ದೇಶದವರು. ಹೆಸರು ಲೂಯಿ ಮಾರ್ಟಿನ್. ಅವರನ್ನು ಅರಿಯದವರೂ ಅವರ ಮಗಳನ್ನು ಕಂಡಿರುತ್ತಾರೆ. ಕ್ರೈಸ್ತರ ಚರ್ಚುಗಳಲ್ಲಿ, ಕಾನ್ವೆಂಟ್ ಶಾಲೆಗಳಲ್ಲಿ ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡು ನಿಂತ ಎಳೆವಯಸ್ಸಿನ ಕನ್ಯಾಸ್ತ್ರೀಯ ಪ್ರತಿಮೆ ಇರುತ್ತದಲ್ಲ, ಆಕೆಯೇ ಚಿಕ್ಕ ಪುಷ್ಪವೆಂದು ಹೆಸರಾದ ಸಂತ ತೆರೇಸಾ. 1921ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬೆಥನಿ ಸಹೋದರಿಯರ ಸಂಸ್ಥೆಯೂ ಈ ಚಿಕ್ಕ ಪುಷ್ಪದ ಹೆಸರನ್ನೇ ಹೊತ್ತಿದೆ. ಮಗಳ ಕೀರ್ತಿಯ ನೆರಳಿನಲ್ಲಿ ತಂದೆಯ ಕಸುಬಿನ ಕಥೆ ಮರೆಯಾಗಿದೆ. ನಮಗೆ ಬೇಕಾದದ್ದು ಅದು.

ಲೂಯಿ ಹುಟ್ಟಿದ್ದು 1823ರಲ್ಲಿ, ಸೈನಿಕರೊಬ್ಬರ ಮಗನಾಗಿ. ಗಡಿಯಾರ ರಿಪೇರಿಯ ವಿದ್ಯೆ ಕಲಿತರು. ಮಧ್ಯೆ ಸಂನ್ಯಾಸದ ಮನಸ್ಸಾಗಿ 1845ರಲ್ಲಿ ಆಲ್ಪ್ಸ್ ಪರ್ವತದ ಒಂದು ಮಠಕ್ಕೆ ಹೋಗಿ ಬಾಗಿಲು ತಟ್ಟಿದರು. ಲ್ಯಾಟಿನ್ ಬಾರದವನಿಗೆ ಜಾಗವಿಲ್ಲ, ಕಲಿತು ಬಾ ಎಂದರಂತೆ. ಕಲಿಯಲು ಸ್ವಲ್ಪ ದಿನ ಪ್ರಯತ್ನಪಟ್ಟು ಕೈಬಿಟ್ಟರು. 1850ರಲ್ಲಿ ಅಲಾನ್ಸೋನ್ ಎಂಬ ಊರಿನಲ್ಲಿ ಗಡಿಯಾರದಂಗಡಿ ತೆರೆದರು. ಬರಬರುತ್ತ ಒಡವೆ ವ್ಯಾಪಾರವೂ ಸೇರಿತು. ಆ ಊರಿನ ಸೇತುವೆಯೊಂದರ ಮೇಲೆ ಜೆಲಿ ಗೆರಿನ್ ಎಂಬಾಕೆ ಅವರ ಕಣ್ಣಿಗೆ ಬಿದ್ದರು. 1858ರ ಜುಲೈ 13ರಂದು ಮದುವೆಯಾಯಿತು.

ಇಲ್ಲಿಂದ ಮುಂದಿನದು ಲೇಸಿನ ಕಥೆ. ಲೇಸು ಎಂದರೆ ಸಿರಿವಂತರ ಉಡುಪಿನ ಅಂಚಿಗೆ ಹಚ್ಚುವ, ಜೇಡನ ಬಲೆಯಷ್ಟು ನಯವಾದ ನೂಲಿನ ಹೆಣಿಗೆ. ಅಲಾನ್ಸೋನ್ ಲೇಸು ಪೂರ್ತಿ ಸೂಜಿಯಿಂದಲೇ ಆಗತಕ್ಕದ್ದು. ಒಂದು ಚದರ ಸೆಂಟಿಮೀಟರು, ಅಂದರೆ ಹೆಬ್ಬೆಟ್ಟಿನ ಉಗುರಿಗಿಂತ ಕಿರಿದಾದ ಜಾಗ ತುಂಬಲು ಏಳು ತಾಸು ಹಿಡಿಯುತ್ತದೆ. ಚರ್ಮದ ಹಾಳೆಯ ಮೇಲೆ ಚಿತ್ತಾರ ಚುಚ್ಚುವುದು, ಅಂಚು ಕಟ್ಟುವುದು, ಬಲೆ ಹೆಣೆಯುವುದು, ಹೂವು ತುಂಬುವುದು, ಕೊನೆಗೆ ಸಮುದ್ರದ ದೊಡ್ಡ ಸೀಗಡಿಯ ಕೊಂಡಿಯಿಂದ ಉಜ್ಜಿ ನಯಮಾಡುವುದು. ನಮ್ಮಲ್ಲಿ ಕೊನೆ ಇಳಿಸುವವರು, ಸುಲಿಯುವವರು, ಬೇಯಿಸಿ ಚೊಗರು ಹಾಕುವವರು, ಆರಿಸುವವರು ಬೇರೆ ಬೇರೆ ಇರುವಂತೆ ಅಲ್ಲಿಯೂ ಒಂದೊಂದು ಹೊಲಿಗೆಗೆ ಒಬ್ಬೊಬ್ಬ ಹೆಂಗಸು. ಎಲ್ಲರೂ ತಂತಮ್ಮ ಮನೆಯಲ್ಲೇ ಕುಳಿತು ಗೇಣುದ್ದದ ತುಂಡುಗಳನ್ನು ಹೆಣೆದು, ಗುರುವಾರ ಗುರುವಾರ ತಂದೊಪ್ಪಿಸಿ ಮುಂದಿನ ಕೆಲಸ ಒಯ್ಯುತ್ತಿದ್ದರು. ಜೆಲಿಯವರು 1853ರಿಂದಲೇ, ಮದುವೆಗೂ ಮುಂಚೆ, ಈ ಉದ್ಯಮ ನಡೆಸುತ್ತಿದ್ದವರು. ತುಂಡುಗಳನ್ನು ಜೋಡಿಸಿದ ಗುರುತು ಕಾಣದಂತೆ ಸೇರಿಸುವ ಅತಿ ಸೂಕ್ಷ್ಮದ ಕೆಲಸ ಅವರದೇ. ಕಿಟಕಿಯ ಬೆಳಕಿನಲ್ಲಿ ಕುಳಿತರೆಂದರೆ ಎಷ್ಟೋ ದಿನ ರಾತ್ರಿ ಬಹು ಹೊತ್ತಿನವರೆಗೆ ಏಳುತ್ತಿರಲಿಲ್ಲ. ಕೆಲಸದ ಹೆಂಗಸರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಭಾನುವಾರ ಹೋಗಿ ನೋಡಿಕೊಂಡು ಬರುವ ಪದ್ಧತಿಯೂ ಇತ್ತು.

ಮಾಲು ಎಷ್ಟೇ ಅಪರೂಪದ್ದಾದರೂ ಕೊಳ್ಳುವವರು ಅಲಾನ್ಸೋನಿನಲ್ಲಿ ಇರಲಿಲ್ಲ, ಪ್ಯಾರಿಸ್ಸಿನಲ್ಲಿದ್ದರು. ಅಲ್ಲಿಗೆ ಹೋಗಿ, ಅಂಗಡಿಯವರಿಗೆ ಮಾದರಿ ತೋರಿಸಿ, ಆರ್ಡರು ಹಿಡಿದು, ಬಾಕಿ ವಸೂಲು ಮಾಡಿಕೊಂಡು ಬರುವವರು ಬೇಕು. ಲೂಯಿ ಮೊದಲು ತಮ್ಮ ಅಂಗಡಿಯ ಜೊತೆಜೊತೆಗೆ ಈ ಓಡಾಟ ಮಾಡುತ್ತಿದ್ದರು. 1863ರಲ್ಲಿ ಪ್ಯಾರಿಸ್ಸಿನಿಂದ ಅವರು ಮಡದಿಗೆ ಬರೆದ ಕಾಗದವೊಂದು ಉಳಿದಿದೆ. ಇಷ್ಟೊಂದು ಚಿಂತೆ ಹಚ್ಚಿಕೊಳ್ಳಬೇಡ, ದೇವರ ದಯೆಯಿಂದ ನಮ್ಮ ಸಣ್ಣ ವ್ಯಾಪಾರ ಹೇಗೋ ನೆಲೆಗೆ ನಿಲ್ಲುತ್ತದೆ ಎಂಬುದು ಅದರ ಸಾರಾಂಶ. ಕೊನೆಗೆ ರುಜು ಹಾಕುವಾಗ ಗಂಡನೆಂದಷ್ಟೇ ಅಲ್ಲದೆ ನಿಜವಾದ ಸ್ನೇಹಿತನೆಂದೂ ಬರೆದುಕೊಂಡಿದ್ದಾರೆ. ಆರ್ಡರು ಬಾರದಿದ್ದರೆ ಹೆಂಗಸರಿಗೆ ಕೆಲಸ ಕೊಡುವುದು ಹೇಗೆಂದು, ಹೆಚ್ಚು ಬಂದರೆ ಮುಗಿಸುವುದು ಹೇಗೆಂದು ಜೆಲಿಯವರಿಗೆ ಎರಡು ಕಡೆಯಿಂದಲೂ ಸಂಕಟ.

1870ರಲ್ಲಿ ಲೂಯಿ ಒಂದು ತೀರ್ಮಾನ ಕೈಗೊಂಡರು. ಇಪ್ಪತ್ತು ವರ್ಷ ಕಟ್ಟಿ ಬೆಳೆಸಿದ ಸ್ವಂತ ಅಂಗಡಿಯನ್ನು ಸೋದರಳಿಯನಿಗೆ ವಹಿಸಿ, ಮಡದಿಯ ಲೇಸು ಮಾರುವುದನ್ನೇ ಪೂರ್ಣಾವಧಿಯ ಕೆಲಸ ಮಾಡಿಕೊಂಡರು. ಇದು ಸಾಮಾನ್ಯದ ಮಾತಲ್ಲ. ಇಂದು ಸಹ ಹೆಂಡತಿಯ ಉದ್ಯಮಕ್ಕೆ ಚೀಲ ಹೊತ್ತು ತಿರುಗಲು ಎಷ್ಟು ಗಂಡಸರು ಒಪ್ಪಿಯಾರು, ನಮ್ಮ ಊರುಗಳಲ್ಲೇ ಎಣಿಸಿ ನೋಡಬಹುದು. ಅದೇ ವರ್ಷ ಜರ್ಮನರೊಡನೆ ಯುದ್ಧ ಹತ್ತಿ ವ್ಯಾಪಾರ ಮುಗ್ಗರಿಸಿತು. 1871ರ ಜನವರಿಯಲ್ಲಿ ಶತ್ರುಸೈನ್ಯ ಊರೊಳಗೇ ಬಂದು, ಇವರ ಮನೆಯಲ್ಲಿ ಒಂಬತ್ತು ಜನ ಸಿಪಾಯಿಗಳು ಬೀಡುಬಿಟ್ಟರು. ಆ ಸಮಯದ್ದೊಂದು ಪ್ರಸಂಗವನ್ನು ಮನೆಯವರು ಹೇಳುತ್ತಿದ್ದರು. ಸಿಪಾಯಿಯೊಬ್ಬ ಗಡಿಯಾರ ಕದ್ದ. ಲೂಯಿ ಅವನನ್ನು ಹಿಡಿದು ಆಚೆ ಹಾಕಿ, ಮೇಲಧಿಕಾರಿಗೆ ದೂರು ಕೊಟ್ಟರು. ಕಳವು ಮಾಡಿದ ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದರೆಂದು ತಿಳಿದೊಡನೆ ಓಡಿಹೋಗಿ ದೂರನ್ನು ವಾಪಸು ಪಡೆದರು.

ವ್ಯಾಪಾರದಲ್ಲಿ ಅವರದೊಂದು ಹಟ, ಭಾನುವಾರ ಅಂಗಡಿಯ ಬಾಗಿಲು ತೆರೆಯಕೂಡದು. ಹಳ್ಳಿಯ ಜನ ಪೇಟೆಗೆ ಬರುತ್ತಿದ್ದುದೇ ಅಂದು; ಮದುವೆಯ ಒಡವೆ ಕೊಳ್ಳುವವರೆಲ್ಲ ಪಕ್ಕದ ಅಂಗಡಿಗಳಿಗೆ ಹೋಗುತ್ತಿದ್ದರು. ಸ್ನೇಹಿತರು ಎಷ್ಟು ಹೇಳಿದರೂ ಲೂಯಿ ಜಗ್ಗಲಿಲ್ಲ. ಕೊಡಬೇಕಾದವರ ಹಣವನ್ನು ತಡಮಾಡದೆ ಸಲ್ಲಿಸುತ್ತಿದ್ದರೆಂದು ಹೆಣ್ಣುಮಕ್ಕಳು ನೆನೆದಿದ್ದಾರೆ. ಬಿಡುವು ಸಿಕ್ಕರೆ ಗಾಳ ಹಿಡಿದು ಹೊಳೆಗೆ. ಸಿಕ್ಕ ಮೀನು ಬಡ ಕನ್ಯಾಮಠಕ್ಕೆ.

ಒಂಬತ್ತು ಮಕ್ಕಳು ಹುಟ್ಟಿ ನಾಲ್ಕು ತೀರಿಕೊಂಡವು. 1867ರಿಂದ 1870ರೊಳಗೆ, ಮೂರೇ ಮುಕ್ಕಾಲು ವರ್ಷದಲ್ಲಿ, ಈ ನಾಲ್ಕು ಸಾವುಗಳೂ ಆದವು. ಉಳಿದ ಐವರೂ ಹೆಣ್ಣು. ಕಿರಿಯವಳು ತೆರೇಸಾ, 1873ರ ಜನವರಿಯಲ್ಲಿ ಹುಟ್ಟಿದವಳು. ಅಷ್ಟರಲ್ಲಿ ಜೆಲಿಯವರ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಲೂರ್ದಿಗೆ ಯಾತ್ರೆ ಹೋಗಿಬಂದರೂ ಗುಣವಾಗಲಿಲ್ಲ. 1877ರ ಆಗಸ್ಟ್ 28ರಂದು ಅವರು ತೀರಿಕೊಂಡಾಗ ಲೂಯಿಯವರಿಗೆ ಐವತ್ತನಾಲ್ಕು ತುಂಬಿ ಆರು ದಿನವಾಗಿತ್ತು.

ಮಾಲು ತಯಾರಿಸುವ ಕೈ ನಿಂತಮೇಲೆ ಮಾರುವವನಿಗೇನು ಕೆಲಸ? ಆದರೂ ಸ್ನೇಹಿತರು, ಪರಿಚಯದ ಗಿರಾಕಿಗಳು, ತಾಯಿ, ಮಡದಿಯ ಸಮಾಧಿ ಎಲ್ಲವೂ ಇದ್ದದ್ದು ಅಲಾನ್ಸೋನಿನಲ್ಲಿ. ಮಕ್ಕಳಿಗೆ ಹೆಣ್ಣು ದಿಕ್ಕು ಬೇಕೆಂದು, ಔಷಧದಂಗಡಿ ಇಟ್ಟಿದ್ದ ಮಡದಿಯ ತಮ್ಮನ ಸಂಸಾರ ಲಿಸ್ಯೂ ಎಂಬ ಊರಲ್ಲಿದ್ದುದರಿಂದ, ಅಲ್ಲಿಗೇ ಹೋಗಲು ಒಪ್ಪಿದರು. ನವೆಂಬರಿನಲ್ಲಿ ಮಕ್ಕಳನ್ನು ಮುಂದೆ ಕಳಿಸಿ, ತಾವು ಹಿಂದೆ ಉಳಿದು, ವ್ಯಾಪಾರದ ಲೆಕ್ಕಪತ್ರವೆಲ್ಲ ಚುಕ್ತಾ ಮಾಡಿ ತಿಂಗಳ ಕೊನೆಗೆ ಹೋಗಿ ಸೇರಿಕೊಂಡರು. ಮತ್ತೆ ವ್ಯಾಪಾರಕ್ಕೆ ಕೈಹಾಕಲಿಲ್ಲ.

ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಮನೆ ಬಿಟ್ಟರು, ಗಂಡನ ಮನೆಗಲ್ಲ, ಕನ್ಯಾಮಠಕ್ಕೆ. 1882ರಲ್ಲಿ ಪೌಲಿನ್, 1886ರಲ್ಲಿ ಹಿರಿಯವಳಾದ ಮರಿ. 1887ರ ಮೇ ತಿಂಗಳಲ್ಲಿ ಲೂಯಿಯವರಿಗೆ ಪಾರ್ಶ್ವವಾಯು ಬಡಿಯಿತು. ಅದೇ ತಿಂಗಳ 29ರ ಸಂಜೆ ಹಿತ್ತಿಲಲ್ಲಿ ಕುಳಿತಿದ್ದಾಗ ಹದಿನಾಲ್ಕರ ತೆರೇಸಾ ಬಂದು ತಾನೂ ಹೋಗುವೆನೆಂದು ಕಣ್ಣೀರಿಟ್ಟು ಕೇಳಿದಳು. ಆ ತಂದೆಗೂ ಕಣ್ಣೀರು ಬಂತು. ಬೇಡವೆನ್ನಲಿಲ್ಲ. ಗೋಡೆಯ ಸಂದಿನಲ್ಲಿದ್ದ ಬಿಳಿಯ ಸಣ್ಣ ಹೂವೊಂದನ್ನು ಕಿತ್ತು ಅವಳ ಕೈಗಿತ್ತರು. ಅದು ಬೇರುಸಹಿತ ಕಿತ್ತುಬಂದಿತ್ತೆಂದು ಮಗಳು ಮುಂದೆ ಬರೆದಿಟ್ಟಿದ್ದಾಳೆ. 1888ರ ಏಪ್ರಿಲ್ 9ರಂದು ಅವಳೂ ಹೋದಳು.

ಆಮೇಲಿನದು ಕಷ್ಟದ ಕಾಲ. ನೆನಪು ತಪ್ಪತೊಡಗಿತು. ಒಮ್ಮೆ ಯಾರಿಗೂ ಹೇಳದೆ ಹೊರಟುಹೋಗಿ ನಾಲ್ಕು ದಿನದ ಮೇಲೆ ದೂರದ ಬಂದರಿನ ಊರಲ್ಲಿ ಸಿಕ್ಕಿದರು. ಮತ್ತೊಮ್ಮೆ ಶತ್ರುಗಳು ಬಂದರೆಂಬ ಭ್ರಮೆಯಿಂದ ಮಕ್ಕಳನ್ನು ಕಾಪಾಡಲು ಪಿಸ್ತೂಲು ಹಿಡಿದರು. 1889ರ ಫೆಬ್ರವರಿ 12ರಂದು ಕಾಂ ಪಟ್ಟಣದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಇದ್ದರು. ಹೆಣ್ಣುಮಕ್ಕಳು ಮಠ ಸೇರಿದ್ದರಿಂದಲೇ ಮುದುಕನಿಗೆ ಹೀಗಾಯಿತೆಂದು ಊರವರು ಆಡಿಕೊಂಡರು. ಊರ ಬಾಯಿ ಎಲ್ಲ ದೇಶದಲ್ಲೂ ಒಂದೇ. ಕಾಲು ಸೋತಮೇಲೆ, 1892ರ ಮೇ ತಿಂಗಳಲ್ಲಿ, ಮನೆಗೆ ಕರೆತಂದರು. 1894ರ ಜುಲೈ 29ರಂದು ನಿಧನರಾದರು.

2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಲೂಯಿ ಮತ್ತು ಜೆಲಿ ಇಬ್ಬರನ್ನೂ ಸಂತರೆಂದು ಘೋಷಿಸಿದರು. ಗಂಡಹೆಂಡಿರಿಬ್ಬರನ್ನು ಒಟ್ಟಿಗೆ ಹಾಗೆ ಸಾರಿದ್ದು ಅದೇ ಮೊದಲು. ಅಲಾನ್ಸೋನಿನ ಸೂಜಿ ಲೇಸಿನ ಕಲೆಯನ್ನು 2010ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ತಂದೆಯ ಕೊನೆಗಾಲದಲ್ಲಿ ಮನೆಯಲ್ಲಿದ್ದು ಸೇವೆ ಮಾಡಿದವಳು ನಾಲ್ಕನೆಯ ಮಗಳು ಸೆಲೀನ್. ತಂದೆ ತೀರಿಕೊಂಡ ಆರು ವಾರಗಳ ಮೇಲೆ ಅವಳೂ ಮಠ ಸೇರಿದಳು; ಎಂಬತ್ತು ದಾಟಿದ ಮೇಲೆ ತಂದೆಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು, 1959ರಲ್ಲಿ ತೀರಿಕೊಂಡಳು.